ಕಣದಲ್ಲಿ ಕಾಫಿ, ಬಾನಿನಲ್ಲಿ ಮೋಡ

ಮಾನಂದವಾಡಿಯಿಂದ ಪುಲ್ಪಳ್ಳಿಗೆ ಸಾಗುವ ಬಸ್ಸಿನ ಕಿಟಕಿಯಿಂದ ಜನವರಿಯಲ್ಲಿ ತೋಟಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಅಂಗಳ. ಮನೆಮನೆಯ ಮುಂದೆಯೂ ಕಾಫಿಹಣ್ಣು ಹರಡಿರುತ್ತದೆ. ಕೆಲವೆಡೆ ಸಿಮೆಂಟಿನ ಕಣ, ಕೆಲವೆಡೆ ಬರಿಯ ಟಾರ್ಪಾಲು. ಕಾಫಿಯೆಂದೊಡನೆ ಬಂಗಲೆಯನ್ನೂ ಸಾಹುಕಾರರನ್ನೂ ನೆನೆಯುವ ನಮ್ಮ ಮಕ್ಕಳಿಗೆ ಈ ದಾರಿಯನ್ನೊಮ್ಮೆ ತೋರಿಸಬೇಕು. ಕೇರಳದ ಕಾಫಿಯಲ್ಲಿ ಬಹುಪಾಲು ವಯನಾಡಿನದು. ಅದನ್ನು ಬೆಳೆಯುವವರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು.

ನಾನು ಉಳಿದುಕೊಂಡದ್ದು ಕಬಿನಿಗೆ ಸಮೀಪದ, ಕನ್ನಡ ಮನೆಮಾತಿನ ಒಂದು ಕುಟುಂಬದಲ್ಲಿ. ಹೊಳೆ ದಾಟಿದರೆ ಕರ್ನಾಟಕದ ಬೈರಕುಪ್ಪೆ. ಇವರದು ಎರಡು ಎಕರೆ ರೊಬಸ್ಟಾ. ನೆರಳಿನ ಮರಗಳಿಗೆ ಹಬ್ಬಿದ್ದ ಕರಿಮೆಣಸು ಸೊರಗುರೋಗಕ್ಕೆ ತುತ್ತಾಗಿ, ಈಗ ಒಣಬಳ್ಳಿಗಳಷ್ಟೇ ಉಳಿದಿವೆ. ಕಾಫಿ ಕೈಕೊಟ್ಟ ವರ್ಷಗಳಲ್ಲಿ ಮನೆಯನ್ನು ಸಾಗಿಸುತ್ತಿದ್ದುದು ಆ ಮೆಣಸೇ.

ಮನೆಯ ಯಜಮಾನ ಊರಲ್ಲಿರಲಿಲ್ಲ. ವಯನಾಡಿನ ಅನೇಕರಂತೆ ಅವರೂ ಗುಂಡ್ಲುಪೇಟೆಯ ಕಡೆ ಗೇಣಿಗೆ ನೆಲ ಹಿಡಿದು ಶುಂಠಿ ಬೆಳೆಯುತ್ತಾರೆ. ಬಂಡೀಪುರದ ಕಾಡುದಾರಿ ರಾತ್ರಿ ಒಂಬತ್ತಕ್ಕೆ ಮುಚ್ಚುವುದರಿಂದ, ಮನೆಯಿಂದ ಕರೆ ಬಂದರೂ ಬೆಳಗಾಗುವವರೆಗೆ ಕಾಯಬೇಕು.

ಕಣದಲ್ಲಿ ಹಣ್ಣನ್ನು ಕೈಯಾಡಿಸುತ್ತಿದ್ದ ಮನೆಯಾಕೆಯನ್ನು ಕೇಳಿದೆ: "ಅಕ್ಕಾ, ಈಗ ಒಳ್ಳೆಯ ಬೆಲೆ ಇದೆಯಲ್ಲ?"

"ಇದೆ ಮಾಸ್ತರೇ. ಆದರೆ ಬೆಲೆ ಏರುವ ಹೊತ್ತಿಗೆ ನಮ್ಮ ಚೀಲ ಅಂಗಡಿ ಸೇರಿರುತ್ತದೆ. ಜೂನಿನಲ್ಲಿ ಮಗಳ ಫೀಸಿಗೆ ಬಳೆ ಅಡವಿಟ್ಟದ್ದು. ಅದನ್ನು ಬಿಡಿಸುವುದೋ, ಕಾಫಿಯನ್ನು ಇಟ್ಟು ಕಾಯುವುದೋ?"

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಪಾಲಿನ ವ್ಯವಸ್ಥೆ ಕುಸಿದ ಬಳಿಕ ಬೆಲೆಗೆ ಕಡಿವಾಣವಿಲ್ಲವಾಯಿತು. ಶತಮಾನದ ತಿರುವಿನಲ್ಲಿ ವಿಯೆಟ್ನಾಮಿನ ಕಾಫಿ ಪ್ರಪಂಚದ ಪೇಟೆಯನ್ನು ತುಂಬಿದಾಗ ವಯನಾಡಿನ ಎಷ್ಟೋ ಮನೆಗಳು ಸಾಲದಲ್ಲಿ ಮುಳುಗಿದವು. 2024ರಲ್ಲಿ ಅದೇ ವಿಯೆಟ್ನಾಮಿನ ಬರಗಾಲ ಇಲ್ಲಿಯ ರೊಬಸ್ಟಾದ ದರವನ್ನು ಮೇಲಕ್ಕೆತ್ತಿತು. ಏರಿದರೂ ಇಳಿದರೂ ಕಾರಣ ಕಡಲಾಚೆಯದು. 2019ರಲ್ಲಿ ವಯನಾಡು ರೊಬಸ್ಟಾಕ್ಕೆ ಭೌಗೋಳಿಕ ಗುರುತು ದೊರೆತ ಸಂಗತಿಯನ್ನು ಹೇಳಿದಾಗ ಅಕ್ಕ ನಕ್ಕರು. ಅಂಗಡಿಯ ತಕ್ಕಡಿಗೆ ಆ ಸುದ್ದಿ ಮುಟ್ಟಿಲ್ಲವಂತೆ.

ಅವರ ಭಯ ಮಳೆಯದು. ಕೊಯ್ಲೆಲ್ಲ ಮುಗಿದ ಮೇಲೆ, ಫೆಬ್ರವರಿ ಮಾರ್ಚಿನಲ್ಲಿ ಬೀಳುವ ಹೂಮಳೆಯಿಂದಲೇ ಗಿಡ ಅರಳಬೇಕು. ಅದೇ ಮಳೆ ಜನವರಿಯಲ್ಲಿ ಬಂದರೆ ಕಣದಲ್ಲಿನ ಹಣ್ಣು ಬೂಷ್ಟು ಹಿಡಿಯುತ್ತದೆ; ಗಿಡದಲ್ಲಿ ಹಣ್ಣಿರುವಾಗಲೇ ಹೂ ಬಿಟ್ಟು, ಕೊಯ್ಯುವ ಕೈಗೆ ಮುಂದಿನ ವರ್ಷದ ಬೆಳೆಯೂ ಉದುರುತ್ತದೆ. ಕೊಯ್ಲನ್ನು ಬೇಗ ಮುಗಿಸೋಣವೆಂದರೆ ಆಳುಗಳು ಸಾಲದು. ಹಲಸಿನ ವಾಸನೆಗೆ ಆನೆ ಇಳಿಯುವ ತೋಟವಾದ್ದರಿಂದ ಬಂದವರೂ ಚೆನ್ನಾಗಿ ಬೆಳಕು ಹರಿಯದೆ ಒಳಗೆ ಕಾಲಿಡುವುದಿಲ್ಲ.

ಸಂಜೆ ಹೊಳೆಯ ಕಡೆ ಮೋಡ ಕವಿಯಿತು. ಮಗಳು ಪುಸ್ತಕ ಮಡಚಿಟ್ಟು ಬಂದಳು. ಮೂವರೂ ಸೇರಿ ಹಣ್ಣನ್ನು ಗುಡ್ಡೆಮಾಡಿ, ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿದೆವು. ಆ ರಾತ್ರಿ ಅಂಗಳದ ದೀಪ ಮೂರು ಬಾರಿ ಹೊತ್ತಿದ್ದನ್ನು ಮಲಗಿದಲ್ಲಿಂದಲೇ ಕಂಡೆ.