ಮೂರು ಕೆಜಿ ಭಾರ, ಮೂರು ಕಾಲು

ಫೋಟೋ 1 | ಟ್ರೈಪಾಡ್ ಮಾತ್ರ, ಹಕ್ಕಿ ಇಲ್ಲ. ಬೇಜಾರ್ ಮಾಡ್ಕೋಬೇಡಿ.

"ಒಂದು ಸ್ಟ್ಯಾಂಡಿಗೆ ಅಷ್ಟೊಂದು ದುಡ್ಡಾ?" ಕಳೆದ ವಾರ ಸ್ಟೋರಿ ಹಾಕಿದ ಮೇಲೆ ಕ್ಲಾಸಲ್ಲಿ ಅರ್ಧ ಜನ ಕೇಳಿದ್ದು ಇದನ್ನೇ. ಇನ್ನರ್ಧ ಜನ "ಲಿಂಕ್ ಕಳ್ಸು" ಅಂದ್ರು. ಲಿಂಕ್ ಇಲ್ಲ, ಯಾಕಂದ್ರೆ ಇದು ಸೆಕೆಂಡ್ ಹ್ಯಾಂಡ್. ಆದರೆ ಹೇಗೆ ಆರಿಸಿದೆ ಅನ್ನೋದನ್ನ ಪೂರ್ತಿ ಬರೀತೀನಿ. ಉದ್ದ ಇದೆ. ಸೇವ್ ಮಾಡಿಟ್ಟು ಬಸ್ಸಲ್ಲಿ ಓದಿ.

ಲೆನ್ಸ್ ನನ್ನದಲ್ಲ, ಸೋದರಮಾವಂದು. ನಿಕಾನ್ 200-500. ಮಾವ ಊರಲ್ಲಿ ಇಪ್ಪತ್ತು ವರ್ಷ ಸ್ಟುಡಿಯೋ ನಡೆಸಿದವರು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೋ. ಭಾನುವಾರ ಮಾತ್ರ ಹಕ್ಕಿ. ಎರಡು ವರ್ಷದಿಂದ ಅವರ ಬಲಗೈ ನಡುಗುತ್ತೆ. ಕಾಫಿ ಲೋಟ ಹಿಡಿಯೋವಾಗಲೂ ಎಡಗೈ ಜೊತೆಗೆ ಬರಬೇಕು. ಈ ಯುಗಾದಿಗೆ ಲೆನ್ಸ್ ಬ್ಯಾಗನ್ನ ನನ್ನ ಕೈಗೆ ಕೊಟ್ಟು, "ಇನ್ನು ನೀನೇ ಇಟ್ಕೋ ಪುಟ್ಟಾ, ನನ್ ಕೈಲಿ ಆಗಲ್ಲ" ಅಂದ್ರು. ಖುಷಿಯಾಗಬೇಕಿತ್ತು. ಆಗಲಿಲ್ಲ.

ಹಾಗಾಗಿ ನನ್ನ ಪ್ರಶ್ನೆ "ಒಳ್ಳೇ ಟ್ರೈಪಾಡ್ ಯಾವುದು" ಅನ್ನೋದಾಗಿರಲಿಲ್ಲ. ನಡುಗೋ ಕೈಯಿಂದ ನಡುಗದ ಫೋಟೋ ತೆಗೆಸೋದು ಹೇಗೆ ಅನ್ನೋದಾಗಿತ್ತು.

ಫೋಟೋ 2 | ತಕ್ಕಡಿ ಮೇಲೆ ಕ್ಯಾಮೆರಾ

ಮೊದಲು ಲೆಕ್ಕ. ಲೆನ್ಸ್ ಕಾಲರ್ ಸೇರಿ 2.3 ಕೆಜಿ. ಡಿ7200 ಬಾಡಿ ಮುಕ್ಕಾಲು ಕೆಜಿ ಚಿಲ್ಲರೆ. ಒಟ್ಟು ಮೂರು ಕೆಜಿ ಮೇಲೆ. "ಅಷ್ಟೇನಾ, ನಮ್ಮನೆ ಟ್ರೈಪಾಡ್ ಡಬ್ಬದ ಮೇಲೆ 5 ಕೆಜಿ ಅಂತ ಬರ್ದಿದೆ" ಅಂತೀರಾ. ಮೋಸ ಹೋಗೋ ಜಾಗ ಅದೇ. ಡಬ್ಬದ ಮೇಲಿನ ಅಂಕಿ ಎಷ್ಟು ಭಾರಕ್ಕೆ ಕುಸಿಯಲ್ಲ ಅಂತ ಹೇಳಬಹುದು, ಎಷ್ಟು ಭಾರಕ್ಕೆ ಅಲುಗಲ್ಲ ಅಂತ ಹೇಳಲ್ಲ. ಅದನ್ನ ಅಳೆಯೋಕೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆಗೋಲೂ ಇಲ್ಲ. ಒಬ್ಬರ 8 ಕೆಜಿ ಇನ್ನೊಬ್ಬರ 8 ಕೆಜಿ ಅಲ್ಲ.

ಅಲುಗಾಟ ಎಷ್ಟು ಮುಖ್ಯ? 500 ಎಂಎಂನಲ್ಲಿ 50 ಮೀಟರ್ ದೂರ ನೋಡಿದರೆ ಇಡೀ ಫ್ರೇಮಿನ ಅಗಲ ಸುಮಾರು 2.35 ಮೀಟರ್ ಅಷ್ಟೇ. ಲೆನ್ಸಿನ ಮೂತಿ ಒಂದು ಕೂದಲೆಳೆ ದಪ್ಪದಷ್ಟು ಜರುಗಿದರೆ ಸಾಕು, ಅಲ್ಲಿ ಹಕ್ಕಿ ಮೇಲೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಸರಿದ ಹಾಗೆ. ಮಿಂಚುಳ್ಳಿಯ ಕಣ್ಣು ಅದಕ್ಕಿಂತ ಚಿಕ್ಕದು. ಫೋಟೋದಲ್ಲಿ ಕಣ್ಣೇ ಕಲಸಿಹೋದರೆ ಉಳಿದಿದ್ದಕ್ಕೆ ಏನು ಬೆಲೆ?

ಫೋಟೋ 3 | ಕಾಲುಗಳು, ಹತ್ತಿರದಿಂದ

ಟ್ರೈಪಾಡ್ ನೋಡೋವಾಗ ನಾಲ್ಕು ವಿಷಯ ನೋಡಿ.

ಒಂದು, ಕಾಲಿನ ದಪ್ಪ. ಮೇಲಿನ ಕೊಳವೆಯ ವ್ಯಾಸ ಕೇಳಿ. ಕೊಳವೆಯ ಗೋಡೆ ಅಷ್ಟೇ ದಪ್ಪ ಇದ್ದರೂ, ಬಾಗದೇ ಇರೋ ಶಕ್ತಿ ಹೆಚ್ಚುಕಡಿಮೆ ವ್ಯಾಸದ ಘನದ ಲೆಕ್ಕದಲ್ಲಿ ಏರುತ್ತೆ. 22 ಎಂಎಂನಿಂದ 28ಕ್ಕೆ ಹೋದರೆ ಸುಮಾರು ಎರಡು ಪಟ್ಟು, 32ಕ್ಕೆ ಹೋದರೆ ಮೂರು ಪಟ್ಟು. ಈ ಲೆನ್ಸಿಗೆ 28ಕ್ಕಿಂತ ಕೆಳಗೆ ಇಳಿಯಬಾರದು ಅಂತ ನಾನು ಗೆರೆ ಎಳೆದುಕೊಂಡೆ.

ಎರಡು, ಎಷ್ಟು ಮಡಿಕೆ. ಮೂರು ಭಾಗದ ಕಾಲು, ನಾಲ್ಕು ಭಾಗದ ಕಾಲು ಅಂತ ಬರುತ್ತೆ. ಭಾಗ ಜಾಸ್ತಿ ಆದಷ್ಟೂ ಮಡಿಚಿದಾಗ ಚಿಕ್ಕದಾಗುತ್ತೆ, ಬ್ಯಾಗಲ್ಲಿ ಕೂರುತ್ತೆ. ಆದರೆ ಕೊನೇ ಭಾಗ ಕಡ್ಡಿ ಥರ ಸಣ್ಣ, ಜೊತೆಗೆ ಸಡಿಲ ಆಗೋಕೆ ಮೂರು ಲಾಕ್ ಹೆಚ್ಚು. ನಾವು ವಿಮಾನದಲ್ಲಿ ಹೋಗಲ್ಲ, ಸ್ಕೂಟರಲ್ಲಿ ಹೋಗ್ತೀವಿ. ಮೂರೇ ಸಾಕು.

ಮೂರು, ನಡುವಿನ ಕಂಬ. ಸೆಂಟರ್ ಕಾಲಂ ಎತ್ತಿದ ಕ್ಷಣ ನಿಮ್ಮ ಮೂರು ಕಾಲಿನ ಟ್ರೈಪಾಡು ಒಂಟಿಕಾಲಿಂದಾಗುತ್ತೆ. ಕಂಬ ಎತ್ತದೇನೇ ಕಣ್ಣಿನ ಮಟ್ಟಕ್ಕೆ ಬರಬೇಕು. ಕಂಬವೇ ಇಲ್ಲದಿದ್ದರೆ ಇನ್ನೂ ಒಳ್ಳೇದು.

ನಾಲ್ಕು, ಕಾರ್ಬನ್ನೋ ಅಲ್ಯೂಮಿನಿಯಮ್ಮೋ. ಕಾರ್ಬನ್ ಫೈಬರ್ ಹಗುರ, ನಡುಕವನ್ನ ಬೇಗ ನುಂಗುತ್ತೆ, ಬೆಳಗಿನ ಚಳಿಯಲ್ಲಿ ಮುಟ್ಟಿದರೆ ಕೈ ಕೊರೆಯಲ್ಲ. ಬೆಲೆ ಕೊರೆಯುತ್ತೆ. ಬೆಟ್ಟ ಹತ್ತೋರು ಯೋಚನೆ ಮಾಡಲಿ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯೋ ನಮಗೆ ದಪ್ಪ ಅಲ್ಯೂಮಿನಿಯಂ ಧಾರಾಳ. ಒಂದೇ ದುಡ್ಡಿಗೆ ಸಣ್ಣ ಕಾಲಿನ ಕಾರ್ಬನ್ನೂ ದಪ್ಪ ಕಾಲಿನ ಅಲ್ಯೂಮಿನಿಯಮ್ಮೂ ಸಿಕ್ಕರೆ ದಪ್ಪದ್ದನ್ನೇ ಎತ್ಕೊಳ್ಳಿ.

ಮಾವನ ವಿಷಯದಲ್ಲಿ ಇನ್ನೊಂದು ಅನುಕೂಲ ಇತ್ತು. ಅವರು ಮಡಿಚೋ ಸ್ಟೂಲ್ ಮೇಲೆ ಕೂತು ತೆಗೀತಾರೆ. ಹಾಗಾಗಿ ಕಾಲಿನ ಕೊನೇ ಸಣ್ಣ ಭಾಗ ಎಳೆಯೋದೇ ಬೇಡ, ದಪ್ಪ ಭಾಗಗಳೇ ಭಾರ ಹೊರುತ್ತವೆ. ಎತ್ತರ ಕಡಿಮೆ ಆದಷ್ಟೂ ಟ್ರೈಪಾಡ್ ಗಟ್ಟಿ. ನೀವೂ ಕೂತು ಅಭ್ಯಾಸ ಮಾಡಿ, ಹಕ್ಕಿಗಳಿಗೂ ಗಾಬರಿ ಕಡಿಮೆ.

ಫೋಟೋ 4 | ಗಿಂಬಲ್ ಹೆಡ್. ಇಂಗ್ಲಿಷಿನ ಯು ಥರ ಕಾಣೋದು.

ಕಾಲು ಎಷ್ಟೇ ಗಟ್ಟಿ ಇರಲಿ, ತಲೆ ಸರಿ ಇಲ್ಲದಿದ್ದರೆ ದಂಡ. ಮಾಮೂಲಿ ಬಾಲ್ ಹೆಡ್ ಸಡಿಲ ಮಾಡಿದ ತಕ್ಷಣ ಭಾರದ ಲೆನ್ಸ್ ಧೊಪ್ ಅಂತ ಒಂದು ಕಡೆ ವಾಲುತ್ತೆ. ಬೆರಳು ಸಿಕ್ಕಿಕೊಂಡರೆ ನೋವು, ಟ್ರೈಪಾಡೇ ಉರುಳಿದರೆ ಅಳು.

ಗಿಂಬಲ್‌ನಲ್ಲಿ ಲೆನ್ಸು ತೊಟ್ಟಿಲಿನ ಹಾಗೆ ತೂಗುತ್ತೆ. ಕಾಲರಿನ ಪ್ಲೇಟನ್ನ ಹಿಂದೆ ಮುಂದೆ ಸರಿಸಿ ಸಮತೋಲ ಹುಡುಕಬೇಕು. ಸರಿಯಾಗಿ ಸಿಕ್ಕರೆ ಕೈ ಬಿಟ್ಟರೂ ಲೆನ್ಸ್ ನಿಂತಲ್ಲೇ ನಿಲ್ಲುತ್ತೆ, ಒಂದು ಬೆರಳಲ್ಲಿ ತಿರುಗುತ್ತೆ. ಮಾವನಿಗೆ ಬೇಕಿದ್ದಿದ್ದು ಇದೇ. ಭಾರ ಹೊರೋ ಕೆಲಸ ಕೈಯಿಂದ ಪೂರ್ತಿ ಹೋಗಬೇಕು, ದಿಕ್ಕು ತೋರಿಸೋ ಕೆಲಸ ಮಾತ್ರ ಉಳೀಬೇಕು.

ಉಳಿದಿದ್ದು ಶಟರ್ ಒತ್ತೋ ಬೆರಳು. ಗುಂಡಿ ಒತ್ತೋ ಕೈ ನಡುಗಿದರೆ ಟ್ರೈಪಾಡಿಗೂ ಆ ನಡುಕ ಇಳಿಯುತ್ತೆ. ಅದಕ್ಕೆ ಕೇಬಲ್ ರಿಮೋಟ್. ಗುಂಡಿ ಮಡಿಲಲ್ಲಿ, ಕ್ಯಾಮೆರಾ ಮುಟ್ಟೋ ಹಾಗೇ ಇಲ್ಲ. ಕೂತ ಹಕ್ಕಿಗೆ ಇಷ್ಟು ಸಾಕು. ಹೆಡ್ ಬಿಗಿ ಮಾಡಿದ್ದಾಗ ವಿ.ಆರ್. ಆಫ್ ಮಾಡ್ತೀವಿ, ಸಡಿಲ ಬಿಟ್ಟು ಹಕ್ಕಿ ಹಿಂಬಾಲಿಸೋವಾಗ ಆನ್. ನಿಮ್ಮ ಲೆನ್ಸಿನ ಪುಸ್ತಕ ಏನು ಹೇಳುತ್ತೆ ನೋಡಿಕೊಳ್ಳಿ, ಎಲ್ಲಾ ಲೆನ್ಸೂ ಒಂದೇ ಥರ ಅಲ್ಲ.

ಫೋಟೋ 5 | ಲೆಕ್ಕದ ಪುಸ್ತಕ. ಬಿಕಾಂ ಅಲ್ವಾ, ಇದಿಲ್ಲದೆ ಹೇಗೆ?

ಎರಡು ಸೀಸನ್ ಮದುವೆ ಫೋಟೋ ತಂಡದಲ್ಲಿ ಲೈಟ್ ಹಿಡಿದು ಉಳಿಸಿದ್ದು 24,000. ಅದು ಲ್ಯಾಪ್‌ಟಾಪ್ ದುಡ್ಡು. ಖರ್ಚು ಹೀಗೆ: ಸೆಕೆಂಡ್ ಹ್ಯಾಂಡ್ ಟ್ರೈಪಾಡ್ 11,500, ಹೊಸ ಗಿಂಬಲ್ 7,800, ಕೇಬಲ್ 450. ಒಟ್ಟು 19,750. ಕೈಯಲ್ಲಿ ಉಳಿದಿದ್ದು 4,250. ಲ್ಯಾಪ್‌ಟಾಪ್ ಮುಂದಿನ ವರ್ಷಕ್ಕೆ ಹೋಯ್ತು. ಅಲ್ಲಿವರೆಗೆ ಟ್ಯಾಲಿ ಕಾಲೇಜ್ ಲ್ಯಾಬಲ್ಲೇ.

ಅಮ್ಮ "ಮೂರು ಕಬ್ಬಿಣದ ಕೋಲಿಗಾ?" ಅಂದ್ರು. ಅಲ್ಯೂಮಿನಿಯಂ ಅಂತ ತಿದ್ದಿದೆ, ಉಪಯೋಗ ಆಗಲಿಲ್ಲ. ಆಮೇಲೆ ಡಿಪ್ರಿಸಿಯೇಷನ್ ತೋರಿಸಿದೆ. ಟ್ರೈಪಾಡ್, ಹೆಡ್ ಸೇರಿ 19,300. ಹತ್ತು ವರ್ಷ ಬಳಸಿ 4,300ಕ್ಕೆ ಮಾರಿದರೆ, ಸ್ಟ್ರೈಟ್ ಲೈನ್ ಮೆಥಡ್‌ನಲ್ಲಿ ವರ್ಷಕ್ಕೆ 1,500. ತಿಂಗಳಿಗೆ 125. ಕ್ಯಾಮೆರಾ ಬಾಡಿ ಹಳೇದಾಗುತ್ತೆ, ಗಟ್ಟಿ ಕೋಲು ಹಳೇದಾಗಲ್ಲ. ಅದರ ಮೇಲೆ ಕೂರೋ ಲೆನ್ಸಿನ ಬೆಲೆ ಟ್ರೈಪಾಡಿನ ಎರಡು ಪಟ್ಟಿಗಿಂತ ಜಾಸ್ತಿ, ಅದು ಬಿದ್ದರೆ ಯಾವ ಲೆಡ್ಜರೂ ಕಾಯಲ್ಲ.

ಅಂದಹಾಗೆ, ಕಾಮರ್ಸಿಗೂ ಕ್ಯಾಮೆರಾಗೂ ಏನು ಸಂಬಂಧ ಅಂತ ಕೇಳೋರಿಗೆ: ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಹೆಸರಾಂತ ವನ್ಯಜೀವಿ ಫೋಟೋಗ್ರಾಫರ್ ಕೂಡ. ಉತ್ತರ ಸಾಕಲ್ವಾ?

ಫೋಟೋ 6 | ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ

ಕಾಲು ಮೂರನ್ನೂ ಪೂರ್ತಿ ಎಳೆದು ಮೇಲಿಂದ ಕೈಯೂರಿ ಒತ್ತಿ. ಯಾವ ಲಾಕೂ ಜಾರಬಾರದು. ತಲೆ ಕೂರೋ ಜಾಗ ಹಿಡಿದು ತಿರುಚಿ. ಕಟಕಟ ಅಂದರೆ ನಮಸ್ಕಾರ ಹೇಳಿ ಬನ್ನಿ. ಲಾಕ್ ತಿರುಗಿಸೋವಾಗ ಕರಕರ ಅಂದರೆ ಒಳಗೆ ಮರಳು, ತೊಳೆದರೆ ಹೋಗಬಹುದು, ಬೆಲೆ ಇಳಿಸೋಕೆ ನೆಪ ಆಗುತ್ತೆ.

ಕೊನೇ ಪರೀಕ್ಷೆ ನಿಮ್ಮದೇ ಲೆನ್ಸ್ ಹಾಕಿ. ದೂರದ ಬೋರ್ಡಿನ ಅಕ್ಷರಕ್ಕೆ ಫೋಕಸ್ ಮಾಡಿ, ಲೈವ್ ವ್ಯೂನಲ್ಲಿ ಪೂರ್ತಿ ಹಿಗ್ಗಿಸಿ, ಲೆನ್ಸ್ ಮೂತಿಗೆ ಬೆರಳಲ್ಲಿ ಮೆಲ್ಲಗೆ ತಟ್ಟಿ. ಅಕ್ಷರ ಕುಣಿಯೋದು ನಿಲ್ಲೋಕೆ ಎಷ್ಟು ಹೊತ್ತು ಅಂತ ಎಣಿಸಿ. ಎರಡು ಟ್ರೈಪಾಡ್ ಪಕ್ಕಪಕ್ಕ ಇಟ್ಟು ಎಣಿಸಿದರೆ ಡಬ್ಬದ ಮೇಲಿನ ಅಂಕಿ ನೋಡೋದೇ ಬೇಡ.

ದುಡ್ಡೇ ಇಲ್ವಾ? ಗಟ್ಟಿ ಬಟ್ಟೆಯ ಚೀಲ ಹೊಲಿಸಿ ಮುಕ್ಕಾಲು ಪಾಲು ರಾಗಿ ತುಂಬಿ. ಕಟ್ಟೆ ಮೇಲೆ, ಕಾರಿನ ಕಿಟಕಿ ಮೇಲೆ ಇಟ್ಟು ಲೆನ್ಸ್ ಒರಗಿಸಿ. ರಂಗನತಿಟ್ಟಿನ ದೋಣಿಯಲ್ಲೂ ಟ್ರೈಪಾಡ್ ಬೇಡ. ದೋಣಿಯೇ ಅಲುಗೋವಾಗ ಅದರೊಳಗೆ ನಿಂತ ಕಾಲು ಏನು ಮಾಡೀತು?

ಫೋಟೋ 7 | ಹಾವಕ್ಕಿ. ಇದು ನಾನು ತೆಗೆದಿದ್ದಲ್ಲ.

ಕುಕ್ಕರಹಳ್ಳಿ, ಬೆಳಿಗ್ಗೆ ಏಳೂಕಾಲು. ವಾಕಿಂಗ್ ಬರೋರಿಗೆ ಅಡ್ಡ ಆಗದ ಹಾಗೆ ಒಂದು ಬದಿಗೆ ಟ್ರೈಪಾಡ್ ನಿಲ್ಲಿಸಿ, ಗಾಳಿ ಇತ್ತು ಅಂತ ಕೆಳಗೆ ಬ್ಯಾಗ್ ನೇತುಹಾಕಿದೆ. ಮಾವ ಸ್ಟೂಲ್ ಮೇಲೆ ಕೂತು ಸುಮಾರು ಹೊತ್ತು ಏನೂ ಒತ್ತಲೇ ಇಲ್ಲ. ಕೈ ನಡುಗ್ತಾನೇ ಇತ್ತು, ರಿಮೋಟಿನ ವೈರೂ ಜೊತೆಗೆ ನಡುಗ್ತಿತ್ತು. ಲೆನ್ಸ್ ಮಾತ್ರ ಅಲುಗಲಿಲ್ಲ. ಹಾವಕ್ಕಿ ರೆಕ್ಕೆ ಬಿಚ್ಚಿ ಒಣಗೋಕೆ ಕೂತಾಗ ಮೂರು ಸಲ ಒತ್ತಿದರು. 1/160 ಸೆಕೆಂಡ್. ಝೂಮ್ ಮಾಡಿ ನೋಡಿ, ಕೊಕ್ಕಿನ ತುದಿಯ ನೀರಿನ ಹನಿ ಎಣಿಸಬಹುದು.

ಮಾವ ಸ್ಕ್ರೀನ್ ನೋಡಿದರು. ಹೊಗಳಲೂ ಇಲ್ಲ, ಕಣ್ಣೊರೆಸಿಕೊಳ್ಳಲೂ ಇಲ್ಲ. "ಲೆನ್ಸ್ ವಾಪಸ್ ಕೊಡು" ಅಂದ್ರು.

ಈಗ ಒಪ್ಪಂದ ಆಗಿದೆ: ಭಾನುವಾರ ಅವರದ್ದು, ಉಳಿದ ದಿನ ನನ್ನದು. ಟ್ರೈಪಾಡ್ ಹೊರೋದು ಏಳೂ ದಿನ ನಾನೇ.

ನಿಮ್ಮ ಮನೆಯಲ್ಲೂ ಬೀರು ಮೇಲೆ ಸುಮ್ಮನೆ ಕೂತಿರೋ ಕ್ಯಾಮೆರಾ ಇದ್ಯಾ? ಅದನ್ನ ಯಾಕೆ ಎತ್ತಿಟ್ಟರು ಅಂತ ಒಂದ್ಸಲ ಕೇಳಿ ನೋಡಿ. ಏನಂದ್ರು ಅಂತ ಕಾಮೆಂಟಲ್ಲಿ ಬರೀರಿ.

#ಟ್ರೈಪಾಡ್ #ಹಕ್ಕಿಫೋಟೋ #ಕುಕ್ಕರಹಳ್ಳಿಕೆರೆ #ಬಿಕಾಂಬದುಕು