ದೊಡ್ಡಪೇಟೆಗೆ ನಾಲ್ಕು ಗೋಡೆ

ಕೆ.ಆರ್. ಮಾರ್ಕೆಟ್ಟಿನ ಹೂವಿನ ವ್ಯಾಪಾರವನ್ನು ಮೇಲಿನ ಮಹಡಿಯ ಕಟಕಟೆಗೆ ಒರಗಿ ನೋಡಬೇಕು. ಹೊರಗಿನ್ನೂ ನಸುಗತ್ತಲು. ಒಳಗೆ ಬಲ್ಬುಗಳ ಕೆಳಗೆ ಚೆಂಡುಹೂವಿನ ರಾಶಿ, ಅದಕ್ಕೆ ಒತ್ತಿಕೊಂಡು ಸೇವಂತಿಗೆ, ಆಚೆಗೆ ಕನಕಾಂಬರದ ಬುಟ್ಟಿಗಳು, ಒದ್ದೆ ಗೋಣಿಯ ಮೇಲೆ ಸುಗಂಧರಾಜ. ಒಬ್ಬರು ನಿಲ್ಲುವಷ್ಟು ಸಂದಿಯಲ್ಲಿ ಹತ್ತಾರು ಮಂದಿ ಮೂಟೆ ಹೊತ್ತು ನುಗ್ಗುತ್ತಾರೆ. ಯಾರೋ ಮೂಟೆಯ ಬಾಯಿ ಬಿಚ್ಚಿ ಸುರಿದರೆ ಬೂದುಬಣ್ಣದ ನೆಲ ಕ್ಷಣದಲ್ಲಿ ಹಳದಿಯಾಗುತ್ತದೆ. ಎಷ್ಟು ವರ್ಷ ನೋಡಿದರೂ ಆ ಕ್ಷಣಕ್ಕೆ ನನ್ನ ಕೈ ಕ್ಯಾಮೆರಾದ ಮೇಲೆ ತಡವರಿಸುತ್ತದೆ. ಈ ಜಾಗದಲ್ಲಿ ಹಿಂದೆ ಸಿದ್ದಿಕಟ್ಟೆ ಎಂಬ ಕೆರೆಯಿತ್ತು. ಮಾರ್ಕೆಟ್ ಶುರುವಾದದ್ದು 1920ರ ದಶಕದಲ್ಲಿ. ಶಿವನಸಮುದ್ರದ ನೀರಿನಿಂದ ಹುಟ್ಟಿದ ವಿದ್ಯುತ್ತು ಬೆಂಗಳೂರಿನ ಬೀದಿದೀಪವನ್ನು ಬೆಳಗಿಸಿದ್ದು ಅದಕ್ಕೂ ಮುಂಚೆ, 1905ರ ಆಗಸ್ಟ್‌ನಲ್ಲಿ, ಇದೇ ಆಸುಪಾಸಿನಲ್ಲಿ. ಇಲ್ಲಿ ಕತ್ತಲಲ್ಲಿ ಫೋಟೊ ತೆಗೆಯುವಾಗಲೆಲ್ಲ ಆ ಮೊದಲ ಸಂಜೆ ತಲೆಯೆತ್ತಿ ನಿಂತ ಜನ ನೆನಪಾಗುತ್ತಾರೆ.

ಪೇಟೆಯಲ್ಲಿ ತೆಗೆದ ಫೋಟೊಗಳನ್ನು ಪೇಟೆಯಲ್ಲೇ ತೂಗುಹಾಕಲು ಹೊರಟಿದ್ದೇನೆ. ಚಿತ್ರಕಲಾ ಪರಿಷತ್ತಿನಲ್ಲಿ ಮಾಡಬಾರದೇ ಎಂದು ಗೆಳೆಯರು ಕೇಳಿದರು. ಪರಿಷತ್ತು ನನಗೆ ಪ್ರೀತಿಯ ಜಾಗ. ಜನವರಿಯ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಊರಿಗೆ ಊರೇ ಚಿತ್ರ ನೋಡುತ್ತ ನಡೆಯುವುದು ಬೆಂಗಳೂರಿನ ದೊಡ್ಡ ಸೊಗಸುಗಳಲ್ಲಿ ಒಂದು. ಆದರೆ ರಾತ್ರಿಯೇ ಮನೆ ಬಿಟ್ಟು ಬಂದು, ಹೂ ಮಾರಿ, ಮಧ್ಯಾಹ್ನದ ಬಸ್ಸು ಹಿಡಿಯುವ ಹೆಂಗಸು ಅಲ್ಲಿಗೆ ಯಾವಾಗ ಹೋದಾಳು? ನಗರ್ತಪೇಟೆಯ ಹಳೆಯ ಛತ್ರವೊಂದರ ಹಾಲ್ ಸಿಕ್ಕಿತು. ಗೋಡೆಗೆ ಸುಣ್ಣ ಬಳಿಸಿಯಾಯಿತು. ದೀಪದ ವ್ಯವಸ್ಥೆ ಇನ್ನೂ ಆಗಬೇಕು.

ಯಾವ ಫೋಟೊ ಇಡಬೇಕು, ಯಾವುದು ಬಿಡಬೇಕು ಎಂದು ಆರಿಸಲು ಸಣ್ಣ ಪ್ರಿಂಟುಗಳ ಕಟ್ಟು ಹಿಡಿದು ಮತ್ತೆ ಪೇಟೆ ಸುತ್ತಿದೆ. ಹೂವಿನಂಗಡಿಯ ಅಜ್ಜಿಯೊಬ್ಬರ ಕೈಗೆ ಅವರದೇ ಫೋಟೊ ಕೊಟ್ಟೆ. ಮೇಲಿನಿಂದ ಬೆಳಕು ಓರೆಯಾಗಿ ಇಳಿದು ಅವರ ಹೆಗಲ ಮೇಲೆ ನಿಂತ ಚಿತ್ರ. ಆ ಬೆಳಕಿಗಾಗಿಯೇ ಕಾದು ತೆಗೆದದ್ದು. ಅಜ್ಜಿ ಕೈಯೊರೆಸಿಕೊಂಡು, ಪ್ರಿಂಟನ್ನು ಮುಖದ ಹತ್ತಿರ ತಂದು, ತಮ್ಮ ಮುಖ ಬಿಟ್ಟು ಬುಟ್ಟಿ ನೋಡಿದರು.

"ಇದು ಆಷಾಢದಾಗೆ ತೆಗ್ದಿದ್ದಲ್ವೇನಪ್ಪಾ?"

"ಹೌದಜ್ಜಿ. ಹೆಂಗೆ ಗೊತ್ತಾಯ್ತು?"

"ಬಿಸ್ಲು ಬಂದೈತೆ, ಕನಕಾಂಬರ ಬುಟ್ಟಿ ತುಂಬ ಹಂಗೇ ಐತೆ. ಮದುವೆ ಇಲ್ಲ, ಮುಂಜಿ ಇಲ್ಲ, ಕೇಳೋರು ಯಾರು? ವರಮಹಾಲಕ್ಷ್ಮಿಗೆ ಬಂದು ತೆಗಿ, ಬುಟ್ಟಿ ತಳ ಕಾಣ್ತದೆ."

ಬಿಸಿಲಿನ ಕೋನದಿಂದ ಹೊತ್ತು, ಬುಟ್ಟಿಯ ತುಂಬಿನಿಂದ ಮಾಸ! ಪಂಚಾಂಗವೇ ಆ ಚಿತ್ರದಲ್ಲಿ ಇತ್ತು. ಅಲ್ಲಿಂದ ಮುಂದೆ ನಾನು ಹೋದಲ್ಲೆಲ್ಲ ಇದೇ ನಡೆಯಿತು. ತರಗುಪೇಟೆಯಲ್ಲಿ ಹಮಾಲರೊಬ್ಬರು ಚಿತ್ರದಲ್ಲಿನ ಮೂಟೆಯ ಹೊಲಿಗೆ ನೋಡಿ ಒಳಗಿರುವುದು ಅಕ್ಕಿಯಲ್ಲ, ಬೇಳೆ ಎಂದರು. ಬಳೇಪೇಟೆಯ ವಾದ್ಯದಂಗಡಿಯಲ್ಲಿ ಮೃದಂಗ ಬಿಗಿಯುವ ಚಿತ್ರ ತೋರಿಸಿದರೆ, ಕುಶಲಕರ್ಮಿ ಬೆರಳ ಹಿಡಿತ ನೋಡಿ "ಇದು ನಮ್ಮಣ್ಣನ ಕೈ" ಎಂದರು. ಮುಖ ಆ ಚಿತ್ರದಲ್ಲಿ ಇರಲೇ ಇಲ್ಲ. ನೋಡುವುದೆಂದರೆ ಇದು. ಗ್ಯಾಲರಿಗಳಲ್ಲಿ ಬೆಳಕು, ರಚನೆ, ಭಾವ ಎಂದು ಮಾತಾಡುತ್ತೇವೆ, ಎಲ್ಲ ಬೇಕು. ಆದರೆ ಚಿತ್ರದೊಳಗೆ ಬದುಕುವವರ ಕಣ್ಣಿಗೆ ಬಿದ್ದ ಚಿತ್ರ ಇನ್ನಷ್ಟು ಆಳವಾಗುತ್ತದೆ, ಇದನ್ನು ನಾನು ಪೂರ್ತಿ ನಂಬುತ್ತೇನೆ. ಆ ಪರೀಕ್ಷೆಯಲ್ಲಿ ಮಾತು ಹುಟ್ಟಿಸದ ಫೋಟೊಗಳನ್ನು, ಎಷ್ಟು ಚಂದವಿದ್ದರೂ, ಪಕ್ಕಕ್ಕಿಟ್ಟೆ.

ಆರಿಸಿದ ಫೋಟೊಗಳಿಗೆ ಕಟ್ಟು ಹಾಕಿಸಲು ಕೊಟ್ಟಿರುವುದು ದೇವರ ಪಟಗಳ ಅಂಗಡಿಗೆ. ಗಾಜು ಕೊಯ್ಯುವ ಸದ್ದು, ಹೊಸ ಮರದ ವಾಸನೆ, ಗೋಡೆ ತುಂಬ ವೆಂಕಟರಮಣ, ಲಕ್ಷ್ಮಿ, ಮಂಜುನಾಥ. ಮೊದಲ ಕಂತು ತರಲು ಹೋದಾಗ ಅಂಗಡಿಯವರು ಅಜ್ಜಿಯ ಫೋಟೊವನ್ನು ಒರೆಸಿ ಲಕ್ಷ್ಮಿಯ ಪಟದ ಪಕ್ಕಕ್ಕೆ ಒರಗಿಸಿದ್ದರು. ಬಂದ ಗಿರಾಕಿಯೊಬ್ಬರು ಎರಡನ್ನೂ ನೋಡಿ, ಅಜ್ಜಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರು.

ಫೋಟೊ ಅಚ್ಚು ಹಾಕುವ ಕೆಲಸಕ್ಕೆ ಈ ಊರಿನಲ್ಲಿ ಒಂದು ಹಳೆಯ ಹಿರಿಮೆಯಿದೆ. ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರುಗಳ ಶಿಲ್ಪವನ್ನು ಚಿತ್ರಿಸಿದ. ಮರುವರ್ಷ ಬರ್ಮಾಕ್ಕೆ ಹೋಗಿ ಬಂದು, ಅಲ್ಲಿನ ಚಿತ್ರಗಳನ್ನು ಅಚ್ಚು ಹಾಕಿಸಿದ್ದು ಬೆಂಗಳೂರಿನಲ್ಲಿ: 120 ಚಿತ್ರಗಳ ಒಂದೊಂದು ಕಟ್ಟಿನಂತೆ 50 ಕಟ್ಟು. ನೆಗೆಟಿವ್ ಎಂದರೆ ಮೇಣ ಹಚ್ಚಿದ ಕಾಗದ. ಅದರಡಿ ಮತ್ತೊಂದು ಕಾಗದವಿಟ್ಟು ಬಿಸಿಲಿಗೆ ಒಡ್ಡಬೇಕು. ಆರು ಸಾವಿರ ಅಚ್ಚು, ಒಂದೊಂದಕ್ಕೂ ಬೆಂಗಳೂರಿನ ಬಿಸಿಲು! ಬರ್ಮಾದ ಪಗೋಡಗಳು ಕಾಗದದ ಮೇಲೆ ಮೂಡಿದ್ದು ನಮ್ಮೂರ ಸೂರ್ಯನಿಂದ. ಆಕಾಶ ಬೋಳಾಗಿ ಬಂದಲ್ಲಿ ಅವನು ನೆಗೆಟಿವ್ ಮೇಲೆ ಕುಂಚದಿಂದ ಮೋಡ ಬರೆದದ್ದೂ ಉಂಟು.

ಇನ್ನು ತೂಗುಹಾಕುವ ಕ್ರಮ. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿಸುವಾಗ ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ, ಚಿಕ್ಕಪೇಟೆಯನ್ನು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿದರು, ಆ ಸಾಲುಗಳೇ ಬೀದಿಗಳಾದವು ಎಂಬ ಐತಿಹ್ಯವಿದೆ. ಹಾಲ್ ಚೌಕವಾಗಿದೆ, ಗೋಡೆ ನಾಲ್ಕು. ಉತ್ತರದ ಗೋಡೆಗೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಸಾಲು. ಪಶ್ಚಿಮಕ್ಕೆ ಚಿಕ್ಕಪೇಟೆಯ ರೇಷ್ಮೆ, ಬಳೇಪೇಟೆಯ ವಾದ್ಯ. ದಕ್ಷಿಣಕ್ಕೆ ಮಾರ್ಕೆಟ್, ಕೋಟೆ. ಪೂರ್ವಕ್ಕೆ ನಗರ್ತಪೇಟೆ, ತಿಗಳರಪೇಟೆ, ಧರ್ಮರಾಯಸ್ವಾಮಿ ಗುಡಿ. ಬಂದವರು ನಡುವೆ ನಿಂತರೆ ಚೌಕದಲ್ಲೇ ನಿಂತ ಹಾಗೆ. ತಮ್ಮ ಅಂಗಡಿ ಯಾವ ಕಡೆ ಎಂದು ಯಾರನ್ನೂ ಕೇಳಬೇಕಿಲ್ಲ.

ಕರಗದ ಚಿತ್ರಗಳನ್ನು ಮಾತ್ರ ಯಾವ ಗೋಡೆಗೂ ಸೇರಿಸಲಾಗದೆ ಒದ್ದಾಡಿದೆ. ಚೈತ್ರ ಹುಣ್ಣಿಮೆಯ ನಡುರಾತ್ರಿ ಗುಡಿಯ ಮುಂದೆ ಕಾಯುವಾಗ ಒಂದು ಹೊತ್ತಿನಲ್ಲಿ ಗಾಳಿಯೇ ಮಲ್ಲಿಗೆಯಾಗುತ್ತದೆ. ಹಿರಿದ ಕತ್ತಿಗಳ ವೀರಕುಮಾರರು ಮುಂದೆ, ಅವರ ನಡುವೆ ಸೀರೆಯುಟ್ಟು ಬಳೆ ತೊಟ್ಟ ಕರಗದ ಪೂಜಾರಿ, ತಲೆಯ ಮೇಲೆ ಹೂವಿನ ಗೋಪುರ. ಕೈ ಅದನ್ನು ಮುಟ್ಟುವುದಿಲ್ಲ. "ಗೋವಿಂದಾ, ಗೋವಿಂದಾ" ಎಂಬ ಕೂಗಿಗೆ ಎದೆ ನಡುಗುತ್ತದೆ, ಹೂವಿನ ಗೋಪುರ ಕಣ್ಣ ಮುಂದೆ ಸರಿದು ಹೋಗುತ್ತದೆ. ಶಟರ್ ಒತ್ತಿದ್ದೂ ತಿಳಿಯುವುದಿಲ್ಲ. ಆಮೇಲೆ ಅದು ಬೀದಿ ಬೀದಿ ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಗಾದ ಮೇಲೆ ಗುಡಿಗೆ ಮರಳುತ್ತದೆ. ಪೇಟೆಯನ್ನೆಲ್ಲ ಸುತ್ತುವ ಕರಗವನ್ನು ಒಂದು ಮೂಲೆಯಲ್ಲಿ ಇಡುವುದು ಹೇಗೆ? ಕೊನೆಗೆ ನಾಲ್ಕೂ ಗೋಡೆಗಳ ಮೇಲೆ ಒಂದೇ ಎತ್ತರದಲ್ಲಿ, ಪೂರ್ವದಿಂದ ಹೊರಟು ಪೂರ್ವಕ್ಕೇ ಬರುವಂತೆ ಒಂದು ಸಾಲು ಮಾಡಿದೆ. ಉಳಿದೆಲ್ಲ ಚಿತ್ರಗಳು ಅದರ ಕೆಳಗೆ, ಮಾಮೂಲಿಗಿಂತ ಒಂದು ಗೇಣು ತಗ್ಗಿನಲ್ಲಿ. ಬೆನ್ನು ಬಾಗಿದವರಿಗೂ ಮಕ್ಕಳಿಗೂ ಕಣ್ಣಿನ ನೇರಕ್ಕೆ ಸಿಗಲಿ ಎಂದು.

ಉಳಿದದ್ದು ಸಮಯ. ಪ್ರದರ್ಶನಗಳು ಸಂಜೆ ಉದ್ಘಾಟನೆಯಾಗುವುದು ರೂಢಿ. ಅಜ್ಜಿಯನ್ನು ಕೇಳಿದೆ. ಹೂವು ಖರ್ಚಾಗಿ ಬುಟ್ಟಿ ಕಟ್ಟುವ ಹೊತ್ತು ಹತ್ತೂವರೆ, ಹನ್ನೊಂದು. ಬಸ್ಸು ಒಂದಕ್ಕೆ ಎಂದರು. ಆಹ್ವಾನ ಪತ್ರಿಕೆ ಸುಲ್ತಾನ್‌ಪೇಟೆಯಲ್ಲಿ ಅಚ್ಚಾಗುತ್ತಿದೆ: ಉದ್ಘಾಟನೆ ಬೆಳಿಗ್ಗೆ ಹನ್ನೊಂದಕ್ಕೆ.