ಎರಡು ರೂಪಾಯಿ ಸಂಬಳದ ಹುಡುಗ

ವಿಕ್ಟೋರಿಯಾ ರಾಣಿಯ ಕಾಲ (1837–1901) ಅಂದಕೂಡಲೇ ಮುಂಬ್ರಾದವರಾದ ನಮಗೆ ನೆನಪಾಗುವುದು ರೈಲು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಬಂದ ರೈಲು ಮರುವರ್ಷವೇ ನಮ್ಮೂರನ್ನು ಹಾಯ್ದು ಕಲ್ಯಾಣ ಮುಟ್ಟಿತು. ಅದೇ ಕಾಲಕ್ಕೆ ಮುಂಬಯಿಯ ಗಲ್ಲಿಗಳಲ್ಲಿ ಇನ್ನೊಂದು ಯಂತ್ರವೂ ಓಡುತ್ತಿತ್ತು. ಅದು ಛಾಪಖಾನೆಯ ಯಂತ್ರ. ಅದನ್ನು ಓಡಿಸಿದ ಇಬ್ಬರ ಮಾತು ಇಲ್ಲಿ ಹೇಳಬೇಕು.

ಮೊದಲನೆಯವರು ಗಣಪತ ಕೃಷ್ಣಾಜಿ. ಅಮೆರಿಕನ್ ಮಿಷನ್ ಪ್ರೆಸ್ಸಿನಲ್ಲಿ ಕಸುಬು ಕಲಿತು, ಸ್ವಂತ ಪ್ರೆಸ್ಸು ಕಟ್ಟಿ, ಕಲ್ಲಚ್ಚಿನಲ್ಲಿ ಪಂಚಾಂಗ ಮುದ್ರಿಸಿದವರು. ಶಾಯಿಯಲ್ಲಿ ಕೊಬ್ಬು ಇದೆಯೆಂದು ಮಡಿವಂತರು ಅಚ್ಚಿನ ಪುಸ್ತಕ ಮುಟ್ಟುತ್ತಿರಲಿಲ್ಲವಂತೆ. ಇವರು ವಾದಕ್ಕೆ ಇಳಿಯಲಿಲ್ಲ, ಕೊಬ್ಬಿನ ಬದಲು ತುಪ್ಪ ಹಾಕಿದರಂತೆ! ವ್ಯಾಪಾರ ಬಲ್ಲವರು ಅಂದರೆ ಹೀಗೆ.

ಎರಡನೆಯವರು ಜಾವಜಿ ದಾದಾಜಿ (1839–1892). ಬಡವರ ಮನೆಯ ಹುಡುಗ. ಅದೇ ಮಿಷನ್ ಪ್ರೆಸ್ಸಿನಲ್ಲಿ ಮೊಳೆ ಉಜ್ಜುವ ಕೆಲಸ, ತಿಂಗಳಿಗೆ 2 ರೂಪಾಯಿ ಸಂಬಳ. ಆ ಹುಡುಗನೇ 1864ರಲ್ಲಿ ಅಕ್ಷರ ಎರಕ ಹೊಯ್ಯುವ ಸ್ವಂತ ಕಾರ್ಖಾನೆ ತೆರೆದ. 1869ರಲ್ಲಿ ನಿರ್ಣಯಸಾಗರ ಛಾಪಖಾನೆ ಹುಟ್ಟಿತು. ಜಯಪುರದ ಪಂಡಿತ ದುರ್ಗಾಪ್ರಸಾದರನ್ನೂ ಕಾಶೀನಾಥ ಪಾಂಡುರಂಗ ಪರಬರನ್ನೂ ಸಂಪಾದಕರಾಗಿಟ್ಟುಕೊಂಡು 1886ರಲ್ಲಿ 'ಕಾವ್ಯಮಾಲಾ' ಆರಂಭಿಸಿದರು. ಕರ್ನಾಟಕದ ಸಂಸ್ಕೃತ ಪಂಡಿತರ ಮನೆಗಳಿಗೂ ಈ ಛಾಪಖಾನೆಯ ಪುಸ್ತಕ ಹೋಯಿತು. 'ನಿರ್ಣಯಸಾಗರದ ಪ್ರತಿ' ಅಂದರೆ ಶುದ್ಧಪಾಠ ಅನ್ನುವಷ್ಟು ನಂಬಿಕೆ.

ಈ ಕತೆ ನನಗೆ ಯಾಕೆ ಬೇಕು ಅಂತೀರಾ? ನನ್ನ ಅಪ್ಪ ಕಂಪೋಜಿಟರ್. ಠಾಣೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ನಿಂತುಕೊಂಡೇ ಮರಾಠಿ ಮೊಳೆ ಜೋಡಿಸಿದವರು. ಲಗ್ನಪತ್ರಿಕೆ, ಬಿಲ್‌ಬುಕ್ಕು, ಶಾಲೆಯ ಪ್ರಶ್ನೆಪತ್ರಿಕೆ. ಮೊಳೆಯ ಅಕ್ಷರ ತಿರುಗಾಮುರುಗಾ ಇರುತ್ತದಲ್ಲ, ಅಪ್ಪ ಅದನ್ನು ನೆಟ್ಟಗಿನ ಅಕ್ಷರಕ್ಕಿಂತ ಸರಾಗವಾಗಿ ಓದುತ್ತಿದ್ದರು. ಕಂಪ್ಯೂಟರ್, ಆಫ್‌ಸೆಟ್ ಬಂದವು. ಮೊಳೆಗಳೆಲ್ಲ ಸೀಸದ ತೂಕಕ್ಕೆ ಹೋದವು. ಅಪ್ಪನ ಕಸುಬೂ ಅವುಗಳ ಜೊತೆಗೇ ಹೋಯಿತು.

"ನಿಮ್ಮ ಕೆಲಸದ್ದು ಏನು ಉಳೀತು?" ಎಂದು ಒಮ್ಮೆ ಕೇಳಿದೆ. ಅಪ್ಪ ಬಿಜಾಪುರದ ಮಾತಿನಲ್ಲೇ ಅಂದರು: "ಮೊಳಿ ಹೋದ್ರ ಹೋಗಲಿ ತಮ್ಮಾ. ತಪ್ಪು ಅಕ್ಷರ ಬಿದ್ರ ನಮ್ಮ ಕೂಲಿ ಏನೂ ಹೋಗೂದಿಲ್ಲ, ಓದಾಂವ ತಪ್ಪು ಕಲೀತಾನ. ಆ ಅಂಜಿಕಿ ಇದ್ರ ಸಾಕು."

ಜಾವಜಿಯವರ ಬಂಡವಾಳವೂ ಇದೇ ಅಂಜಿಕೆ ಇರಬೇಕೆಂದು ನನಗನ್ನಿಸುತ್ತದೆ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸು ಕಿಟ್ಟೆಲ್ಲರ ಕನ್ನಡ ನಿಘಂಟನ್ನು 1894ರಲ್ಲಿ ಅಚ್ಚು ಹಾಕಿತು. ಅಷ್ಟು ದಪ್ಪ ಪುಸ್ತಕದ ಕರಡು ತಿದ್ದಿದ ಕಣ್ಣುಗಳಿಗೂ ಅದೇ ಅಂಜಿಕೆ ಇದ್ದೀತು.

ಮಿತ್ರರೇ, ನಮ್ಮ ಈ ಸೈಕ್ಲೊಸ್ಟೈಲ್ ಕೂಡ ವಿಕ್ಟೋರಿಯಾ ಕಾಲದ್ದೇ. ಲಂಡನ್ನಿನಲ್ಲಿ ಡೇವಿಡ್ ಗೆಸ್ಟೆಟ್ನರ್ 1880ರ ದಶಕದಲ್ಲಿ ಅದರ ವ್ಯಾಪಾರ ಬೆಳೆಸಿದ. ಮೇಣದ ಹಾಳೆಯ ಮೇಲೆ ಕೊರೆದ ಅಕ್ಷರ ನೂರು ಪ್ರತಿಯಲ್ಲೂ ಹಾಗೇ ಮೂಡುತ್ತದೆ. ತಪ್ಪಿದ್ದರೆ ತಪ್ಪೂ ನೂರು. ಮುಂಬ್ರಾದಲ್ಲಿ ಅಂಗಡಿಯ ಬೋರ್ಡಿನ ಮೇಲೂ ಕನ್ನಡ ಕಾಣದ ನಮ್ಮ ತಮ್ಮ-ತಂಗಿಯರು ಕನ್ನಡ ಓದುವುದು ಇಂಥ ಹಾಳೆಗಳಲ್ಲೇ. ಮುಂದಿನ ಸಂಚಿಕೆಯ ಕರಡು ನೋಡಿಕೊಡಲು ಅಪ್ಪ ಒಪ್ಪಿದ್ದಾರೆ. ಕೂಲಿ ಕೇಳಿಲ್ಲ, ದೊಡ್ಡ ಅಕ್ಷರದಲ್ಲಿ ಬರೆಯಿರಿ ಎಂದಿದ್ದಾರೆ, ಅಷ್ಟೆ.